ಪ್ರತಿಮೆಯಾದ ಕವಿ, ಪಠನವಾಗದ ಕಾವ್ಯ



ಬೆಂಗಳೂರಿನ ಉತ್ತರ ಭಾಗದ ಆರ್.ಟಿ. ನಗರದಲ್ಲಿ ನಮ್ಮ ಸಮಾಜದ ಅನೇಕ ಕುಟುಂಬಗಳು ನೆಲೆಸಿವೆ. ಆ ಎರಡಕ್ಷರಗಳು ರವೀಂದ್ರನಾಥ ಟ್ಯಾಗೋರರ ನಾಮಧೇಯವೆಂಬುದು ಅಲ್ಲಿನ ಎಷ್ಟು ಮಕ್ಕಳಿಗೆ ಗೊತ್ತು? ಪ್ರಥಮ ಮಹಾಯುದ್ಧದ ನಡುವೆ, ೧೯೧೬ರಲ್ಲಿ, ಜಪಾನ್ ಹಾಗೂ ಅಮೆರಿಕೆಗಳಲ್ಲಿ ಸಂಚರಿಸಿ ರಾಷ್ಟ್ರಾಹಂಕಾರದ ಅನರ್ಥವನ್ನು ಸಾರಿದ ಆ ಕವಿವರ್ಯರು ಇಂದು ಬಸ್ಸಿನ ಫಲಕದ ಮೇಲೆ ಎರಡಕ್ಷರವಾಗಿ ಉಳಿದಿದ್ದಾರೆ.

ಶಾಂತಿಗಾಗಿ ಕವಿಗಳನ್ನು ಸ್ಮರಿಸುವ ನಮ್ಮ ರೀತಿಯೇ ಬಹುಮಟ್ಟಿಗೆ ಹೀಗೆ. ಇದೇ ನಗರದ ಹಲಸೂರು ಕೆರೆಯ ಸಮೀಪ ನಿಂತಿರುವ ತಿರುವಳ್ಳುವರ್ ಪ್ರತಿಮೆಯನ್ನು ನೋಡಿರಿ. ೧೯೯೧ರಿಂದ ಹದಿನೆಂಟು ವರ್ಷ ಅದಕ್ಕೆ ಅನಾವರಣದ ಭಾಗ್ಯವಿರಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿಯೇ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶದ ನಿಮಿತ್ತ ಘೋರ ಗಲಭೆ ನಡೆದು, ಅನೇಕ ತಮಿಳು ಕುಟುಂಬಗಳು ಮನೆಮಠ ತೊರೆದು ಹೋದುವು. ಕೊನೆಗೆ ೨೦೦೯ರ ಆಗಸ್ಟ್ ೯ರಂದು ಪ್ರತಿಮೆಯ ಮುಸುಕು ಸರಿಯಿತು. ನಾಲ್ಕು ದಿನಗಳ ತರುವಾಯ ಚೆನ್ನೈನ ಅಯನಾವರಂನಲ್ಲಿ ನಮ್ಮ ಸರ್ವಜ್ಞನ ಪ್ರತಿಮೆಯೂ ಅನಾವರಣಗೊಂಡಿತು. ಅಂದಿನ ಮುಖ್ಯಮಂತ್ರಿಗಳಾದ ಯಡಿಯೂರಪ್ಪನವರೂ ಕರುಣಾನಿಧಿಯವರೂ ಎರಡೂ ಸಮಾರಂಭಗಳಲ್ಲಿದ್ದರು.

ಅದು ಶುಭಕಾರ್ಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ೨೦೧೬ರ ಸೆಪ್ಟೆಂಬರಿನಲ್ಲಿ ಅದೇ ಕಾವೇರಿಯ ಹೆಸರಿನಲ್ಲಿ ಇದೇ ನಗರದಲ್ಲಿ ಬಸ್ಸು ಲಾರಿಗಳು ಹೊತ್ತಿ ಉರಿದಾಗ, ಇಬ್ಬರು ಕವಿಗಳೂ ತಮ್ಮ ತಮ್ಮ ಪೀಠದ ಮೇಲೆ ಸುಮ್ಮನೆ ನಿಂತಿದ್ದರು. ಅವರನ್ನು ನಿಲ್ಲಿಸಿದೆವೇ ಹೊರತು ಓದಲಿಲ್ಲ.

ಲಿಂಗಾಯತರಾದ ನಾವು ಈ ವಿಷಯದಲ್ಲಿ ಇತರರಿಗಿಂತ ಹೆಚ್ಚು ಉತ್ತರ ಹೇಳಬೇಕಾದವರು. ಅರವತ್ತಮೂವರು ಪುರಾತನರೆಂದು ನಾವು ಕೈಮುಗಿಯುವ ಶಿವಭಕ್ತರು ಯಾವ ನಾಡಿನವರು? ಹರಿಹರ ಮಹಾಕವಿಯು ರಗಳೆಯಲ್ಲಿ ಕೊಂಡಾಡಿದ ನಂಬಿಯಣ್ಣನು ತಮಿಳಿನಲ್ಲಿ ಹಾಡಿದ ತಿರುವಾರೂರಿನ ಸುಂದರಮೂರ್ತಿ. ಕಾರಿಕಾಲಮ್ಮೆಯು ಕಾರೈಕಾಲಿನ ಅಮ್ಮೈಯಾರ್. ಶರಣರು ತಮ್ಮ ವಚನಗಳಲ್ಲಿ ಕಣ್ಣಪ್ಪನನ್ನೂ ಸಿರಿಯಾಳನನ್ನೂ ಬಂಧುಗಳೆಂಬಂತೆ ನೆನೆದರು. ನುಡಿ ಬೇರೆಯೆಂಬ ಕಾರಣಕ್ಕೆ ಅವರಿಗೆ ಕದ ಮುಚ್ಚಲಿಲ್ಲ. ಹೀಗಿರುವಾಗ, ಕಣ್ಣಪ್ಪನ ಹೆಸರನ್ನು ಮಗನಿಗಿಟ್ಟ ಮನೆಯಲ್ಲಿ ತಮಿಳರೆಂದರೆ ತಾತ್ಸಾರದ ಮಾತು ಹೊರಡುವುದು ನನಗಂತೂ ಸೋಜಿಗವೆನಿಸುತ್ತದೆ!

ಓದಿನಿಂದ ಏನಾದೀತು ಎಂದು ಕೇಳುವವರಿಗೆ ಉತ್ತಂಗಿ ಚನ್ನಪ್ಪನವರನ್ನು ತೋರಿಸಬಹುದು. ಅವರು ಬಾಸೆಲ್ ಮಿಷನ್ನಿನ ಕ್ರೈಸ್ತ ಪಾದ್ರಿಗಳು. ಸರ್ವಜ್ಞನ ತ್ರಿಪದಿಗಳನ್ನು ಅರಸಿ ಕಲೆಹಾಕಿ ೧೯೨೪ರಲ್ಲಿ ಗ್ರಂಥರೂಪಕ್ಕೆ ತಂದವರು ಅವರೇ. ಅಷ್ಟಕ್ಕೇ ನಿಲ್ಲದೆ ಮೋಳಿಗೆ ಮಾರಯ್ಯನ ವಚನಗಳನ್ನು ಸಂಪಾದಿಸಿದರು. ಅನುಭವ ಮಂಟಪದ ಐತಿಹಾಸಿಕತೆಯನ್ನು ಸಮರ್ಥಿಸಿ ಗ್ರಂಥ ಬರೆದರು. ತಮ್ಮ ಧರ್ಮವನ್ನು ಬಿಡಲಿಲ್ಲ, ನಮ್ಮದನ್ನು ಹಳಿಯಲೂ ಇಲ್ಲ. ೧೯೪೯ರ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡ ನಾಡು ಅವರನ್ನೇ ಅಧ್ಯಕ್ಷರನ್ನಾಗಿ ವರಿಸಿತು. ಪರಧರ್ಮದ ಸಾಹಿತ್ಯವನ್ನು ಇಷ್ಟು ಆದರದಿಂದ ಓದಿದವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ? ಈ ಪ್ರಶ್ನೆ ಕೊಂಚ ಮುಜುಗರದ್ದೇ ಸರಿ.

ಯಶವಂತಪುರ, ಹೆಬ್ಬಾಳ, ಯಲಹಂಕಗಳ ಬಡಾವಣೆಗಳಲ್ಲಿ ಮನೆಮನೆಗೆ ಶಿವಾನುಭವ ಗೋಷ್ಠಿಗಳು ನಡೆಯುತ್ತವೆ. ಮುಂದಿನ ಗೋಷ್ಠಿಗೆ ನೆರೆಯ ತಮಿಳು ಬಂಧುವೊಬ್ಬರನ್ನು ಆದರದಿಂದ ಕರೆಯಿರಿ. ೧೩೩ ಅಧಿಕಾರಗಳ ತಿರುಕ್ಕುರಳಿನಲ್ಲಿ ಮೂವತ್ತೊಂದನೆಯದು ಕೋಪಗೊಳ್ಳದಿರುವುದನ್ನು ಕುರಿತದ್ದು. ಇರುವುದು ಹತ್ತೇ ದ್ವಿಪದಿಗಳು. ಅವರು ಮೂಲವನ್ನು ಓದಿ ಅರ್ಥ ಹೇಳಲಿ. ಕೋಪವನ್ನೇ ಕುರಿತ ಬಸವಣ್ಣನವರ ವಚನವೊಂದನ್ನು ನಿಮ್ಮ ಮನೆಯ ಮಗು ಹಾಡಲಿ. ಪ್ರಸಾದಕ್ಕೆ ಕುಳಿತಾಗ ಮಾತು ತಾನಾಗಿ ಮುಂದುವರಿಯುತ್ತದೆ. ಕಾವೇರಿಯ ಮಾತು ಬಂದರೂ ಬರಲಿ.