ಜಾಲರಿಯ ಕಸಕ್ಕೆ ಜೇಬಿನ ದಂಡ

ಬಟ್ಟೆ ಒಗೆಯುವ ಯಂತ್ರಕ್ಕೆ ನೀರು ಬರಲಿಲ್ಲವೆಂದರೆ ಮುಂಬಯಿಯ ನಾವು ಕೂಡಲೇ ಮೆಕ್ಯಾನಿಕ್‌ಗೆ ಫೋನು ಮಾಡುತ್ತೇವೆ. ಆತ ‘ವಾಲ್ವ್ ಹೋಗಿದೆ’ ಎಂದರೆ ಮರುಮಾತಿಲ್ಲದೆ ಹಣ ತೆರುತ್ತೇವೆ. ಇದೆಂಥ ಜಾಣತನ? ಟಾಂಕಿಯ ಮಣ್ಣು, ಕೊಳವೆಯ ತುಕ್ಕು ಬಂದು ಕೂರುವುದು ಪೈಪು ಯಂತ್ರಕ್ಕೆ ಸೇರುವಲ್ಲಿನ ಪುಟ್ಟ ಜಾಲರಿಯಲ್ಲಿ. ಪ್ಲಗ್ ತೆಗೆದು, ನಲ್ಲಿ ನಿಲ್ಲಿಸಿ, ಪೈಪು ಬಿಚ್ಚಿ, ಜಾಲರಿಯನ್ನು ಇಕ್ಕಳದಿಂದ ಮೆಲ್ಲನೆ ಎಳೆದು ಹಳೆಯ ಬ್ರಷ್ಷಿನಿಂದ ತೊಳೆದರಾಯಿತು.

ಮೇಲಿನ ಮಹಡಿಯವರು ಇನ್ನೊಂದನ್ನು ತಿಳಿದಿರಬೇಕು. ಟಾಂಕಿಯ ನೀರು ನಲ್ಲಿಗಿಂತ 10 ಮೀಟರ್ ಎತ್ತರದಲ್ಲಿದ್ದರೆ ಒತ್ತಡ ಸುಮಾರು 1 ಬಾರ್. 2 ಮೀಟರ್ ಆದರೆ 0.2 ಮಾತ್ರ. ಹೊಸ ವಾಲ್ವ್ ಹಾಕಿದರೆ ಅದು ಹೆಚ್ಚೀತೇ?

ವಿದ್ಯುತ್ತಿನ ಕೆಲಸ ಬಲ್ಲವರಿಗೇ ಇರಲಿ. ಆದರೆ ಜಾಲರಿ ತೊಳೆಯಲೂ ಪರರ ದಾರಿ ಕಾಯುವ ಪರಾಧೀನತೆಯನ್ನು ನಾವು ಬಿಡಲೇಬೇಕು.