ಗೇರ್‌ಬಾಕ್ಸಿಗೆ ನೀರು ಹೊಕ್ಕರೆ

೨೦೨೧ನೆಯ ಇಸವಿಯ ನವೆಂಬರು ತಿಂಗಳ ಮಳೆಗೆ ಯಲಹಂಕದ ಕೆರೆಯ ನೀರು ಉಕ್ಕಿ ಬಂದು ಕೇಂದ್ರೀಯ ವಿಹಾರವೆಂಬ ವಸತಿ ಸಮುಚ್ಚಯವನ್ನು ಹೊಕ್ಕಿತು. ನಿವಾಸಿಗಳನ್ನು ದೋಣಿಗಳಲ್ಲಿಯೂ ಟ್ರಾಕ್ಟರುಗಳಲ್ಲಿಯೂ ಹೊರಕ್ಕೆ ಕರೆತರಬೇಕಾಯಿತು. ೨೦೨೪ರ ಅಕ್ಟೋಬರಿನಲ್ಲಿ ಮತ್ತೆ ಅದೇ ಕಥೆ. ಮನುಷ್ಯರಿಗೇನೋ ದೋಣಿ ಬಂದಿತು. ನಿಂತಲ್ಲಿಯೇ ನೆನೆಯುವ ಕಾರುಗಳನ್ನು ಕೇಳುವವರಾರು?

ಇಂತಹ ನೆರೆ ಇಳಿದ ಮೇಲೆ ಗೃಹಸ್ಥನು ಮೊದಲು ನೋಡುವುದು ಸೀಟುಗಳನ್ನು. ಅವುಗಳನ್ನು ಬಿಚ್ಚಿ ಬಿಸಿಲಿಗೆ ಹಾಕುತ್ತಾನೆ. ಅನಂತರ ಎಂಜಿನ್ನಿನ ಚಿಂತೆ, ಬ್ಯಾಟರಿಯ ಚಿಂತೆ. ಎಂಜಿನ್ ಆಯಿಲನ್ನು ಬದಲಾಯಿಸಿ, ಗಾಡಿ ಎಂದಿನಂತೆ ಓಡಿದರೆ ದೇವರಿಗೆ ಕೈಮುಗಿದು ಸುಮ್ಮನಾಗುತ್ತಾನೆ. ಗೇರ್‌ಬಾಕ್ಸಿನ ನೆನಪು ಬರುವುದು ಅಪರೂಪ. ಅದು ನಾಲ್ಕೂ ಕಡೆ ಮುಚ್ಚಿದ ಪೆಟ್ಟಿಗೆ, ಅದರೊಳಗೆ ನೀರು ಹೇಗೆ ಹೋದೀತೆಂಬ ಧೈರ್ಯ.

ಆ ಧೈರ್ಯಕ್ಕೆ ಆಧಾರವಿಲ್ಲ. ಪೆಟ್ಟಿಗೆಯ ನೆತ್ತಿಯ ಮೇಲೆ ಬ್ರೀದರ್ ಎಂಬ ಒಂದು ಸಣ್ಣ ರಂಧ್ರವಿರುತ್ತದೆ. ಗಾಡಿ ಓಡುವಾಗ ಒಳಗಿನ ಎಣ್ಣೆಯೂ ಗಾಳಿಯೂ ಕಾದು ಹಿಗ್ಗುತ್ತವೆ; ಆ ಒತ್ತಡ ಹೊರಹೋಗಲೆಂದೇ ಈ ಏರ್ಪಾಡು. ಕಾದ ಪೆಟ್ಟಿಗೆ ಒಮ್ಮೆಲೇ ತಣ್ಣೀರಿನಲ್ಲಿ ಮುಳುಗಿದರೆ ಒಳಗಿನ ಗಾಳಿ ಕುಗ್ಗಿ, ಅದೇ ರಂಧ್ರದಿಂದ ಹೊರಗಿನದನ್ನು ಸೆಳೆದುಕೊಳ್ಳುತ್ತದೆ. ಹೊರಗೆ ನೀರಿದ್ದರೆ ನೀರನ್ನೇ ಸೆಳೆಯುತ್ತದೆ. ಆದುದರಿಂದ ಇದು ರಾತ್ರಿಯಿಡೀ ಮುಳುಗಿದ್ದ ಗಾಡಿಗೆ ಮಾತ್ರ ಬರುವ ವಿಪತ್ತಲ್ಲ. ಹೆಬ್ಬಾಳದ ಮೇಲ್ಸೇತುವೆಯ ಕೆಳಗೆ ಮಳೆಯ ನೀರು ನಿಂತಾಗ, ದೂರದಿಂದ ಓಡಿ ಬಂದ ಕಾರು ಆಳದಲ್ಲಿ ಸಿಕ್ಕಿ ನಿಂತರೆ ಅದಕ್ಕೂ ಈ ಭಯವುಂಟು. ಹಳೆಯ ಗಾಡಿಗಳಲ್ಲಿ ಸವೆದ ಆಯಿಲ್ ಸೀಲುಗಳು ಬೇರೆ ದಾರಿ ಮಾಡಿಕೊಡುತ್ತವೆ.

ಕೇಡೆಂದರೆ, ಹೊಕ್ಕ ನೀರು ಆ ದಿನವೇ ಏನನ್ನೂ ಹೇಳುವುದಿಲ್ಲ. ಗೇರುಗಳು ಬೀಳುತ್ತವೆ, ಗಾಡಿ ಓಡುತ್ತದೆ. ಒಳಗಿನ ಹಲ್ಲುಚಕ್ರಗಳು ನೀರನ್ನೂ ಎಣ್ಣೆಯನ್ನೂ ಮಜ್ಜಿಗೆ ಕಡೆದಂತೆ ಕಡೆದು ಹಾಲು ಬೆರೆತ ಕಾಫಿಯ ಬಣ್ಣದ ದ್ರವವನ್ನು ಮಾಡುತ್ತವೆ. ಅದಕ್ಕೆ ಉಕ್ಕನ್ನು ಉಕ್ಕಿನಿಂದ ಬೇರೆಯಾಗಿಡುವ ಶಕ್ತಿಯಿಲ್ಲ. ಗಾಡಿ ನಿಂತಾಗ ಬೇರಿಂಗುಗಳ ಗುಂಡುಗಳ ಮೇಲೆ ತುಕ್ಕಿನ ಚುಕ್ಕೆ ಮೂಡುತ್ತದೆ. ಕೆಲವು ತಿಂಗಳಾದ ಮೇಲೆ ದುಂಬಿಯ ಝೇಂಕಾರದಂತಹ ಸದ್ದು ಆರಂಭವಾಗಿ ವೇಗದೊಡನೆ ಏರುತ್ತದೆ. ಆಗ ಪೆಟ್ಟಿಗೆಯನ್ನು ಇಳಿಸದೆ ಗತ್ಯಂತರವಿಲ್ಲ. ಎರಡು-ಎರಡೂವರೆ ಲೀಟರು ಎಣ್ಣೆಯಲ್ಲಿ ಮುಗಿಯಬೇಕಾಗಿದ್ದ ಕೆಲಸ ಬೇರಿಂಗು, ಸೀಲು, ಕೂಲಿಗಳ ಪಟ್ಟಿಯಾಗಿ ಬೆಳೆದು ನಿಲ್ಲುತ್ತದೆ.

ಮುಳುಗಿದ್ದ ಗಾಡಿಯನ್ನು ಚಾಲೂ ಮಾಡದೆಯೇ ಎಣ್ಣೆ ಇಳಿಸತಕ್ಕದ್ದು. ಇಲ್ಲಿ ಅನುಭವಿಗಳ ಒಂದು ಕಟ್ಟಳೆಯಿದೆ: ಕೆಳಗಿನ ಡ್ರೇನ್ ಬೋಲ್ಟನ್ನು ಮುಟ್ಟುವ ಮೊದಲು ಎಣ್ಣೆ ತುಂಬುವ ಮೇಲಿನ ಬೋಲ್ಟನ್ನು ಸಡಿಲಿಸಿ ನೋಡಬೇಕು. ಎಷ್ಟೋ ವರ್ಷ ಯಾರೂ ತೆಗೆಯದ ಬೋಲ್ಟು ತುಕ್ಕು ಹಿಡಿದು ಕುಳಿತಿದ್ದರೆ, ಎಣ್ಣೆಯನ್ನೆಲ್ಲ ಚೆಲ್ಲಿದ ಮೇಲೆ ತುಂಬುವ ದಾರಿ ಕಾಣದೆ ಗಾಡಿ ಅಲ್ಲಿಯೇ ಕೂರಬೇಕಾದೀತು. ಇಳಿದ ಎಣ್ಣೆಯನ್ನು ಅಗಲವಾದ ಬಿಳಿಯ ಪಾತ್ರೆಯಲ್ಲಿ ಹಿಡಿದರೆ ಅದೇ ಸಾಕ್ಷಿ ಹೇಳುತ್ತದೆ. ನಸುಹಳದಿಯ ನಯವಾದ ಮಿನುಗು ಹಿತ್ತಾಳೆಯ ಉಂಗುರಗಳ ಸವೆತ, ಸ್ವಲ್ಪವಿದ್ದರೆ ಚಿಂತೆಯಿಲ್ಲ. ಡ್ರೇನ್ ಬೋಲ್ಟಿನ ಅಯಸ್ಕಾಂತಕ್ಕೆ ಉಕ್ಕಿನ ಚೂರುಗಳು ಅಂಟಿದ್ದರೆ ಚಿಂತಿಸಬೇಕು. ಎಣ್ಣೆ ಕಾಫಿಯ ಬಣ್ಣದ್ದಾಗಿದ್ದರೆ ಒಂದು ಸಲ ಬದಲಾಯಿಸಿದರೆ ಸಾಲದು. ಹೊಸ ಎಣ್ಣೆ ತುಂಬಿ, ಸ್ವಲ್ಪ ದೂರ ಮೆಲ್ಲಗೆ ಓಡಿಸಿ, ಇನ್ನೊಮ್ಮೆ ಇಳಿಸಿ, ಶುದ್ಧವಾಗಿ ಬರುವವರೆಗೂ ಹೀಗೆಯೇ ಮಾಡಬೇಕು. ಸೀಮೆಎಣ್ಣೆ ಸುರಿದು ಗಾಡಿ ಓಡಿಸಿ ತೊಳೆಯುವ ಉಳಿತಾಯ ಬೇಡ. ಅದರ ತೆಳು ಪದರದಲ್ಲಿ ಹಲ್ಲುಗಳು ಉಜ್ಜಿಹೋಗುತ್ತವೆ.

ಎಣ್ಣೆಯ ಆಯ್ಕೆಯಲ್ಲಿಯೂ ಮೋಸಹೋಗುವುದುಂಟು. ಡಬ್ಬಿಯ ಮೇಲೆ ಜಿ.ಎಲ್.೪, ಜಿ.ಎಲ್.೫ ಎಂಬ ಗುರುತುಗಳಿರುತ್ತವೆ. ಅಂಕಿ ದೊಡ್ಡದಾದರೆ ಎಣ್ಣೆ ಮೇಲೆಂದು ತಿಳಿಯುವವರಿದ್ದಾರೆ. ಐದರಲ್ಲಿ ಗಂಧಕ-ರಂಜಕಗಳ ಮಿಶ್ರಣ ಹೆಚ್ಚು. ಹಿಂದಿನ ಆಕ್ಸಲಿನ ಗೇರುಗಳಿಗೆ ಅದು ಒಳ್ಳೆಯದೇ. ಆದರೆ ಗೇರ್‌ಬಾಕ್ಸಿನ ಹಿತ್ತಾಳೆಯ ಸಿಂಕ್ರೋ ಉಂಗುರಗಳಿಗೆ ಒಗ್ಗದಿರಬಹುದು. ಗೇರು ಬದಲಾಗುವಾಗ ಎರಡು ಚಕ್ರಗಳ ವೇಗವನ್ನು ಸಮಮಾಡುವವು ಈ ಉಂಗುರಗಳೇ. ೧೯೨೮ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಈ ಉಪಾಯ ಅಂಬಾಸಡರ್, ಫಿಯೆಟ್ ೧೧೦೦ಗಳ ಮೊದಲನೆಯ ಗೇರಿಗೆ ದೊರೆತಿರಲಿಲ್ಲ. ಓಡುವ ಗಾಡಿಯನ್ನು ಆ ಗೇರಿಗೆ ತರಲು ಚಾಲಕರು ಎರಡು ಸಲ ಕ್ಲಚ್ ತುಳಿಯುತ್ತಿದ್ದರು. ತಪ್ಪಿದರೆ ಬೀದಿಯೆಲ್ಲ ತಿರುಗಿ ನೋಡುವಂತಹ ಸದ್ದು! ಎಣ್ಣೆ ಯಾವುದಿರಬೇಕೆಂಬುದಕ್ಕೆ ಗಾಡಿಯ ಕೈಪಿಡಿಯೇ ಪ್ರಮಾಣ, ಅಂಗಡಿಯವನ ಮಾತಲ್ಲ.

ತಾನಾಗಿಯೇ ಗೇರು ಬದಲಾಯಿಸಿಕೊಳ್ಳುವ ಆಟೊಮ್ಯಾಟಿಕ್ ಗಾಡಿ ಇನ್ನೂ ನಾಜೂಕು. ಅನೇಕವುಗಳಲ್ಲಿ ಒಳಗಿನ ಪ್ಲೇಟುಗಳಿಗೆ ಅಂಟಿಸಿದ ಪದರ ನೀರು ಹೀರಿದರೆ ಕಿತ್ತುಬರುತ್ತದೆ. ಅದನ್ನು ಹಗ್ಗ ಕಟ್ಟಿ ಎಳೆಯುವುದಂತೂ ಸಲ್ಲದು. ಎಂಜಿನ್ ತಿರುಗದಿದ್ದರೆ ಎಣ್ಣೆಯ ಪಂಪು ತಿರುಗದು. ಚಕ್ರಗಳು ಮಾತ್ರ ಉರುಳಿ ಒಳಭಾಗಗಳು ಒಣಗಿನಲ್ಲಿ ತೇಯುತ್ತವೆ. ಚಕ್ರಗಳನ್ನು ನೆಲಕ್ಕೆ ತಾಗಿಸದೆ ಲಾರಿಯ ಮೇಲೇರಿಸಿಯೇ ಒಯ್ಯಬೇಕು.

ಇಷ್ಟೆಲ್ಲ ಆದ ಮೇಲೆ ಗೇರು ಕಚ್ಚಿದಾಗಲೆಲ್ಲ ನೀರನ್ನೇ ದೂರುವುದೂ ತಪ್ಪು. ೨೦೦೮ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದಂದಿನಿಂದ ಹೆಬ್ಬಾಳದ ಕೂಡುದಾರಿಯಲ್ಲಿ ಗಾಡಿಗಳು ಇರುವೆಯ ಸಾಲಿನಂತೆ ತೆವಳುತ್ತವೆ. ಅಲ್ಲಿ ಕ್ಲಚ್ಚಿನ ಮೇಲೆ ಸದಾ ಕಾಲಿಟ್ಟಿರುವವನ ಕ್ಲಚ್ ಪ್ಲೇಟು ಬೇಗನೆ ಸವೆಯುತ್ತದೆ, ಅಪವಾದ ಮಾತ್ರ ಗೇರ್‌ಬಾಕ್ಸಿಗೆ. ಒಂದೇ ಗೇರು ಕರಕರ ಎಂದರೆ ಆ ಗೇರಿನ ಉಂಗುರವನ್ನು ಸಂಶಯಿಸಬಹುದು. ಎಲ್ಲವೂ ಹಾಗೆಂದರೆ ಸಾಮಾನ್ಯವಾಗಿ ಕ್ಲಚ್ಚು ಪೂರ್ತಿ ಬಿಡುತ್ತಿಲ್ಲವೆಂದೇ ಅರ್ಥ. ನ್ಯೂಟ್ರಲಿನಲ್ಲಿ ಕೇಳುವ ಸದ್ದು ಪೆಡಲನ್ನು ತುಳಿದೊಡನೆ ಅಡಗಿದರೆ ಪೆಟ್ಟಿಗೆಯೊಳಗಿನ ಬೇರಿಂಗು. ತುಳಿದಾಗಲೇ ಹುಟ್ಟಿದರೆ ಹೊರಗಿರುವ ಕ್ಲಚ್ಚಿನ ಬೇರಿಂಗು. ಪೆಟ್ಟಿಗೆ ಇಳಿಸಲು ಒಪ್ಪುವ ಮುನ್ನ ಈ ಪರೀಕ್ಷೆಗಳಿಗೆ ಐದು ನಿಮಿಷ ಸಾಕು.

ನೀರಿನಿಂದ ಪಾರಾದ ಗಾಡಿಯನ್ನಾದರೋ ಸಾವಿರ ಕಿಲೋಮೀಟರಾದ ಮೇಲೆ ಮತ್ತೊಮ್ಮೆ ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿದ ಮೇಲೆ, ಮೇಲಿನ ಬೋಲ್ಟನ್ನು ಬಿಚ್ಚಬೇಕು. ರಂಧ್ರದೊಳಗೆ ಕಿರುಬೆರಳನ್ನು ಕೊಕ್ಕೆಯಂತೆ ಬಗ್ಗಿಸಿ ಅದ್ದಿದರೆ, ಬೆರಳಿಗಂಟಿದ ಎಣ್ಣೆ ಜೇನಿನ ಬಣ್ಣದ್ದೋ ಕಾಫಿಯ ಬಣ್ಣದ್ದೋ ಎಂಬುದು ತಿಳಿಯುತ್ತದೆ.