ಟಾಲೆಮಿಯ ಲೆಡ್ಜರಿನಲ್ಲಿ ಬನವಾಸಿ

ದಸರಾ ರಜೆಗೆ ಹುಬ್ಬಳ್ಳಿಯಿಂದ ಬಂದ ಮೊಮ್ಮಗಳು ಚೀಲ ಕೆಳಗಿಡುವ ಮೊದಲೇ ಕೇಳಿದಳು, "ಅಜ್ಜಾ, ನೀನು ಗ್ರೀಸ್ ದೇಶ ನೋಡಿದ್ದೀಯಾ?"

ಅಣಶಿಯ ಮುದುಕನಿಗೆ ಎಂಥ ಪ್ರಶ್ನೆ! ಘಟ್ಟ ಇಳಿದರೆ ಕಾರವಾರ, ಈ ಕಡೆ ಹೊರಟರೆ ಜೋಯಿಡಾ, ದಾಂಡೇಲಿ. ನನ್ನ ದೇಶಾಟನೆ ಅಷ್ಟೇ. ಅವಳ ತರಗತಿಯ ಹುಡುಗಿಯೊಬ್ಬಳು ಅಪ್ಪ ಅಮ್ಮನ ಜೊತೆ ಗ್ರೀಸಿಗೆ ಹೋಗಿ ಬಂದಳಂತೆ. ಅಥೆನ್ಸಿನಿಂದ ತಮಗೊಬ್ಬರಿಗೇ ಅಂತ ಕಾರು ಮಾಡಿಕೊಂಡು, ಅರ್ಧ ದಿನದಲ್ಲಿ ಕೊರಿಂಥ್ ಎಂಬ ಪ್ರಾಚೀನ ನಗರ ನೋಡಿ, ಮಧ್ಯಾಹ್ನದ ಊಟಕ್ಕೆ ವಾಪಸ್ಸು. ಅಲ್ಲಿ ಅಪೊಲೊ ದೇವರ ಗುಡಿಯ ಏಳು ಕಂಬ ಮಾತ್ರ ಈಗಲೂ ನಿಂತಿವೆ. ಆ ನಗರವನ್ನು ಕ್ರಿಸ್ತಪೂರ್ವ 146ರಲ್ಲಿ ರೋಮನರು ಹಾಳುಗೆಡವಿದರು. ನೂರು ವರ್ಷದ ಮೇಲೆ ಜೂಲಿಯಸ್ ಸೀಸರ್ ಮತ್ತೆ ಕಟ್ಟಿಸಲು ಹೊರಟ. ಇದೆಲ್ಲ ಆ ಹುಡುಗಿ ಶಾಲೆಯಲ್ಲಿ ಫೋಟೊ ತೋರಿಸಿ ಹೇಳಿದ್ದು.

"ನಮ್ಮ ಕಡೆ ಬರೀ ಕಾಡು. ಅಷ್ಟು ಹಳೆಯ ಊರು ಇಲ್ಲ ಅಲ್ವಾ?" ಅಂದಳು.

ನನಗೆ ತಟ್ಟನೆ ಬನವಾಸಿ ನೆನಪಾಯಿತು. ನೆನಪಾದದ್ದು ಸಂತೋಷದಿಂದ ಅಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

"ಪುಟ್ಟೀ, ಗ್ರೀಕ್ ಭಾಷೆಯ ಪುಸ್ತಕದಲ್ಲೇ ನಮ್ಮ ಜಿಲ್ಲೆಯ ಒಂದು ಊರಿನ ಹೆಸರಿದೆ, ಗೊತ್ತಾ?" ಅಂದೆ.

ಮಕ್ಕಳೇ, ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಸುಮಾರು ಕ್ರಿ.ಶ. 150ರ ಹೊತ್ತಿಗೆ ಟಾಲೆಮಿ ಎಂಬ ಪಂಡಿತನಿದ್ದ. ಅವನು ಗ್ರೀಕಿನಲ್ಲಿ ಎಂಟು ಭಾಗಗಳ ಭೂಗೋಳ ಗ್ರಂಥ ಬರೆದ. ಅದು ಕತೆ ಪುಸ್ತಕವಲ್ಲ, ಪಕ್ಕಾ ಲೆಡ್ಜರು. ಊರಿನ ಹೆಸರು, ಎದುರಿಗೆ ರೇಖಾಂಶ, ಅಕ್ಷಾಂಶ. ಮುಂದಿನ ಊರು, ಮತ್ತೆ ಎರಡು ಅಂಕಿ. ಹೀಗೆ ಸುಮಾರು ಎಂಟು ಸಾವಿರ ಸ್ಥಳ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಇದೇ ಕೆಲಸ ಮಾಡಿದ ನನಗೆ ಅವನ ಮೇಲೆ ಬಹಳ ಮಮತೆ. ಅವನ ಪಟ್ಟಿಯಲ್ಲಿ 'ಬನೌಅಸೈ' ಎಂಬಂತೆ ಒಂದು ಹೆಸರಿದೆ. ಅದೇ ನಮ್ಮ ಬನವಾಸಿ.

ಟಾಲೆಮಿ ಈ ಕಡೆ ಬಂದವನಲ್ಲ. ನಾವಿಕರು, ವ್ಯಾಪಾರಿಗಳು ಹೇಳಿದ್ದನ್ನು, ಹಿಂದಿನವರು ಬರೆದಿಟ್ಟದ್ದನ್ನು ಸೇರಿಸಿ ಲೆಕ್ಕ ಹಾಕಿದ. ವೋಚರು ತಪ್ಪಿದರೆ ಲೆಡ್ಜರೂ ತಪ್ಪುತ್ತದೆ. ಅವನ ನಕ್ಷೆಯಲ್ಲಿ ನಮ್ಮ ದಕ್ಷಿಣ ಭಾರತ ಚಪಾತಿಯ ಹಾಗೆ ಚಪ್ಪಟೆ, ಲಂಕೆಯೋ ಇದ್ದದ್ದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಆದರೂ ಸಮುದ್ರ ದಾಟಿ, ಘಟ್ಟ ದಾಟಿ, ಒಂದು ಊರಿನ ಹೆಸರು ಅಷ್ಟು ದೂರ ಹೋಗಿ ಮುಟ್ಟಿತಲ್ಲ!

ಅಣಶಿಯಿಂದ ಬನವಾಸಿಗೆ ಹೋಗಿ ಅರ್ಧ ದಿನದಲ್ಲಿ ಬರುವ ಮಾತಿಲ್ಲ. ಜೋಯಿಡಾ, ದಾಂಡೇಲಿ, ಯಲ್ಲಾಪುರ ದಾಟಿ ಶಿರಸಿ ಮುಟ್ಟುವಾಗಲೇ ನನ್ನ ಸೊಂಟ ಮಾತಾಡತೊಡಗಿತ್ತು. ರಾತ್ರಿ ನಾದಿನಿಯ ಮನೆಯಲ್ಲಿ ಉಳಿದು, ಮಾರನೆಯ ಬೆಳಿಗ್ಗೆ ತೆಳ್ಳೇವು ತಿಂದು ಏಳು ಗಂಟೆಗೆ ಬಾಡಿಗೆ ಕಾರು ಹತ್ತಿದೆವು. ನಾನು, ಮೊಮ್ಮಗಳು, ಕಾರಿನ ಮಾಮ. ಕೊರಿಂಥಿಗೆ ಹೋದವರ ಹಾಗೆ ನಮ್ಮದೂ ನಮಗೊಬ್ಬರಿಗೇ ಆದ ಪ್ರವಾಸ! ಒಂದೂವರೆಗೆ ಶಿರಸಿಯಲ್ಲಿ ಬಿಡಬೇಕೆಂದು ಮಾತಾಗಿತ್ತು.

ಶಿರಸಿಯಿಂದ ಬನವಾಸಿ 24 ಕಿಲೋಮೀಟರ್ ಅಷ್ಟೇ. ದಾರಿಯುದ್ದಕ್ಕೂ ಅಡಿಕೆ ತೋಟ, ಆಮೇಲೆ ಬಯಲು, ತೆನೆ ಹಿಡಿದ ಭತ್ತ, ಅನಾನಸ್ ಗದ್ದೆ. ವರದಾ ನದಿ ಊರನ್ನು ಮೂರು ಕಡೆಯಿಂದ ಬಳಸಿಕೊಂಡು ಹರಿಯುತ್ತದೆ. ಕೋಟೆಗೆ ನದಿಯೇ ಕಂದಕ. ಊಟಕ್ಕೆ ಅಕ್ಕಿ, ಕಾವಲಿಗೆ ನೀರು. ಇಲ್ಲಿ ರಾಜಧಾನಿ ಕಟ್ಟಿದವರಿಗೆ ಲೆಕ್ಕ ಬರುತ್ತಿತ್ತು.

ಮಧುಕೇಶ್ವರ ದೇವಸ್ಥಾನವನ್ನು ಒಬ್ಬರೇ ಕಟ್ಟಿಸಿದ್ದಲ್ಲ. ಕದಂಬರ ಕಾಲದ ಗುಡಿಗೆ ಚಾಲುಕ್ಯರು, ಆಮೇಲಿನವರು, ಕಡೆಗೆ ಸೋದೆಯ ಅರಸರವರೆಗೆ ಒಬ್ಬೊಬ್ಬರು ಒಂದೊಂದು ಸೇರಿಸುತ್ತಾ ಹೋದರು. ಲಿಂಗ ಜೇನಿನ ಬಣ್ಣದ್ದು, ಅದಕ್ಕೇ ಮಧುಕೇಶ್ವರ. ನುಣುಪಾದ ಕಂಬಗಳಲ್ಲಿ ಮೊಮ್ಮಗಳು ತನ್ನ ಮುಖ ಹುಡುಕಿದಳು. ದೊಡ್ಡ ನಂದಿಯ ಒಂದು ಕಣ್ಣು ಶಿವನ ಮೇಲೆ, ಇನ್ನೊಂದು ಪಾರ್ವತಿಯ ಮೇಲೆ ಎಂದು ಊರಿನವರು ಹೇಳುತ್ತಾರೆ. ಅದನ್ನು ಪರೀಕ್ಷಿಸಲು ಅವಳು ಆ ಕಡೆ ಈ ಕಡೆ ಆರು ಸಲ ಓಡಿದಳು. ಅರ್ಧ ಗಣಪತಿಯ ಎದುರು ನಿಂತು, "ಇನ್ನರ್ಧ ಎಲ್ಲಿ?" ಅಂದಳು. ಸೋದೆ ಅರಸರ ಕಾಲದ ಕಲ್ಲಿನ ಮಂಚದ ಕೆತ್ತನೆ ನೋಡಿ ನನ್ನ ಬಾಯಿಯೇ ಕಟ್ಟಿತು. ನನ್ನ ವಯಸ್ಸಿನವರಿಗೆ ಒಂದು ಮಾತು: ಬಿಸಿಲೇರಿದ ಮೇಲೆ ಅಂಗಳದ ಕಲ್ಲು ಕಾಲು ಸುಡುತ್ತದೆ, ಬೆಳಿಗ್ಗೆ ಬೇಗ ಹೋಗಿ.

ನಾನು ಹೋದದ್ದು ಒಂದು ಕಲ್ಲಿಗಾಗಿ. ಅಂಗಳದಲ್ಲಿ ಐದು ಹೆಡೆಯ ನಾಗನ ಕಲ್ಲೊಂದಿದೆ. ಅದರ ಮೇಲೆ ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಕದಂಬರಿಗಿಂತ ಹಳೆಯದು, ಶಾತಕರ್ಣಿ ಹೆಸರಿನ ಅರಸರ ಕಾಲದ್ದು. ಅಂದರೆ ಟಾಲೆಮಿಯ ಕಾಲಕ್ಕೆ ಹತ್ತಿರದ್ದು. ಅರಸನ ಮಗಳು ಈ ನಾಗನನ್ನು, ಒಂದು ಕೆರೆಯನ್ನು, ಒಂದು ವಿಹಾರವನ್ನು ದಾನ ಕೊಟ್ಟಳು ಎಂದು ಅದರಲ್ಲಿದೆ. ಕೆಲಸದ ಉಸ್ತುವಾರಿ ನೋಡಿದ ಅಮಾತ್ಯನ ಹೆಸರಿದೆ. ಕೆತ್ತಿದವನ ಹೆಸರೂ ಇದೆ: ಜಯಂತಿ ನಗರದ ಆಚಾರ್ಯ ಇಂದ್ರಮಯೂರನ ಶಿಷ್ಯ ನಟಕ.

ಕೊಟ್ಟವರು, ಮೇಲ್ವಿಚಾರಕರು, ಮಾಡಿದವರು. ನಮ್ಮ ಬ್ಯಾಂಕಿನ ವೋಚರಿಗೂ ಇಷ್ಟೇ ಸಹಿ ಬೇಕಾಗಿತ್ತು. ರಾಜಕುಮಾರಿಯ ದಾನದ ಕಲ್ಲಿನಲ್ಲಿ ಶಿಲ್ಪಿ ತನ್ನ ಗುರುವಿನ ಹೆಸರನ್ನೂ ಸೇರಿಸಿದ್ದಾನೆ, ನೋಡಿ.

ಕಲ್ಲಿನ ಎದುರು ಕೂತು ಮೊಮ್ಮಗಳಿಗೆ ಮಯೂರಶರ್ಮನ ಕತೆ ಹೇಳಿದೆ. ಗುರು ವೀರಶರ್ಮರ ಜೊತೆ ಕಂಚಿಗೆ ಓದಲು ಹೋದ ಹುಡುಗ. ವೀರಶರ್ಮರು ಅವನ ಅಜ್ಜನೇ ಎಂದು ಹೇಳುವುದೂ ಉಂಟು. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನಿಂದ ಅವಮಾನವಾಯಿತು. ಹುಡುಗ ಓದು ಬಿಟ್ಟ, ಕತ್ತಿ ಹಿಡಿದ, ಸುಮಾರು ಕ್ರಿ.ಶ. 345ರಲ್ಲಿ ಕದಂಬ ರಾಜ್ಯ ಕಟ್ಟಿದ. ಇದನ್ನು ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಮೇಲೆ ಕುಬ್ಜ ಎಂಬ ಕವಿ ಬರೆದಿದ್ದಾನೆ. "ಕಾರವಾರದ ನೌಕಾನೆಲೆಗೆ ಐಎನ್‌ಎಸ್ ಕದಂಬ ಅಂತ ಹೆಸರಲ್ವಾ, ಅದೇ ಕದಂಬ," ಅಂದೆ.

"ಅಜ್ಜಾ, ಇಷ್ಟೆಲ್ಲ ಗೊತ್ತಿದ್ದೂ ನೀನು ಇಲ್ಲಿಗೆ ಎಷ್ಟು ಸಲ ಬಂದಿದ್ದೀಯಾ?"

ಇದೇ ಪ್ರಶ್ನೆಗೆ ನಾನು ಹೆದರಿದ್ದೆ. "ಇದೇ ಮೊದಲು," ಅಂದೆ.

ಎಂಬತ್ತರ ದಶಕದಲ್ಲಿ ಆರು ವರ್ಷ ನಾನು ಶಿರಸಿಯಲ್ಲೇ ಗುಮಾಸ್ತನಾಗಿದ್ದೆ. ನನ್ನವಳಿಗೆ ಬನವಾಸಿ ನೋಡುವ ಆಸೆ. ಪಂಪ ತನ್ನ ಕಾವ್ಯದಲ್ಲಿ ಹಂಬಲಿಸಿದ ಊರು ಎಂದು ಶಾಲೆಯಲ್ಲಿ ಓದಿದ್ದಳು. "ಇಪ್ಪತ್ನಾಲ್ಕೇ ಕಿಲೋಮೀಟರು, ಬೆಳಿಗ್ಗೆ ಬಸ್ಸಿಗೆ ಹೋಗಿ ಮಧ್ಯಾಹ್ನ ಬರೋಣ," ಅನ್ನುತ್ತಿದ್ದಳು. ಉಳಿತಾಯ ಖಾತೆಗಳ ಬಡ್ಡಿಯನ್ನು ಕೈಯಲ್ಲೇ ಹಾಕುತ್ತಿದ್ದ ಕಾಲ. ಜೂನ್ ಬಂದರೆ ಅರ್ಧವಾರ್ಷಿಕ ಲೆಕ್ಕ, ಡಿಸೆಂಬರ್ ಬಂದರೆ ಮತ್ತೆ ಅದೇ. ನಡುವೆ ಮಳೆ, ಮಗನ ಪರೀಕ್ಷೆ, ಬಾಕಿ ಉಳಿದ ತಾಳೆಪಟ್ಟಿ. ಭಾನುವಾರ ಬಂದರೆ ನನಗೆ ನಿದ್ದೆ. ಆಮೇಲೆ ವರ್ಗವಾಯಿತು. "ನಿವೃತ್ತಿಯಾದ ಮೇಲೆ ಹೋಗೋಣ" ಅಂದೆ. ನಿವೃತ್ತಿಯಾದ ಮೇಲೆ ಅವಳ ಮಂಡಿ ಒಪ್ಪಲಿಲ್ಲ. ಅವಳು ಹೋಗಿ ಮೂರು ವರ್ಷವಾಯಿತು.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ಮಕ್ಕಳ ಹತ್ತಿರ ಮುಚ್ಚಿಟ್ಟು ಆಗಬೇಕಾದ್ದೇನು? ಅವಳು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ನಾಗನ ಹೆಡೆಗಳನ್ನು ಎಣಿಸಿದಳು.

ಅಲ್ಲಿಂದ ನದಿಗೆ ಹೋದೆವು. ವರದೆ ತುಂಬಿ, ಮಣ್ಣಿನ ಬಣ್ಣ ತಾಳಿ, ಸದ್ದಿಲ್ಲದೆ ಹೋಗುತ್ತಿದ್ದಳು. ನಾನು ಮೊಮ್ಮಗಳ ಕೈ ಹಿಡಿದುಕೊಂಡೆ, ಅವಳು ಬರೀ ಪಾದ ಅದ್ದಿದಳು. ಗುಡ್ನಾಪುರದ ಕೆರೆಯನ್ನೂ ಕದಂಬ ರವಿವರ್ಮನ ಶಾಸನವನ್ನೂ ನೋಡಬೇಕೆಂದಿತ್ತು, ಆದರೆ ಕಾರಿನ ಮಾಮ ಎರಡು ಸಲ ಗಡಿಯಾರ ನೋಡಿದ್ದ. ದಾರಿಯಲ್ಲಿ ಎರಡು ಅನಾನಸ್ ಕೊಂಡೆವು.

ಹಿಂದಿನ ಸೀಟಿನಲ್ಲಿ ಮೊಮ್ಮಗಳು ನೋಟ್‌ಬುಕ್ಕಿನಲ್ಲಿ ಟಾಲೆಮಿಯ ಹಾಗೆ ಗೆರೆ ಹಾಕಿ ಪಟ್ಟಿ ಮಾಡುತ್ತಿದ್ದಳು. ಶಿರಸಿ ಮುಟ್ಟಿದಾಗ ನನ್ನ ಕೈಗೆ ಕೊಟ್ಟಳು. ಊರು: ಬನವಾಸಿ. ನೋಡಿದ್ದು: ನಂದಿ, ಅರ್ಧ ಗಣಪತಿ, ಮಂಚ, ನಾಗ, ನದಿ. ಬಂದವರು: ಅಜ್ಜ, ಅಜ್ಜಿ, ನಾನು, ಕಾರಿನ ಮಾಮ. ಒಟ್ಟು 4.

"ಲೆಕ್ಕ ತಪ್ಪಿದೆಯಲ್ಲ ಪುಟ್ಟಿ," ಅಂದೆ.

"ತಪ್ಪಿಲ್ಲ. ಹೋಗೋಣ ಅಂತ ಮೊದಲು ಹೇಳಿದವಳು ಅಜ್ಜಿ ತಾನೇ?"

ಕಿಸೆಯಿಂದ ಪೆನ್ನು ತೆಗೆದು, ಕೆಳಗೆ ತಾರೀಕು ಹಾಕಿ ಸಹಿ ಮಾಡಿದೆ.